ಅರ್ಜಿ ಯಾರದು?

ಈ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದವರು ಏರ್ಪಡಿಸಿದ್ದ ಚರ್ಚಾಸ್ಪರ್ಧೆಯ ವಿಷಯ ವಾಚಕರಲ್ಲಿ ಹಲವರಿಗೆ ನೆನಪಿರಬಹುದು. "ಸರ್ಕಾರದ ಸೌಲಭ್ಯಗಳಿಗೆ ಅರ್ಜಿಯನ್ನು ಇನ್ನು ಮುಂದೆ ಆನ್‌ಲೈನಿನಲ್ಲಿ ಮಾತ್ರವೇ ಸ್ವೀಕರಿಸಬೇಕು" ಎಂಬುದು ಆ ವಿಷಯ. ನಾನು ಅದರ ಪರವಾಗಿ ಮಾತನಾಡಿದೆ. ಎರಡನೆಯ ಬಹುಮಾನವೂ ಬಂತು. ಬಹುಮಾನವಾಗಿ ಕೊಟ್ಟ ಪುಸ್ತಕ ಈಗಲೂ ಹಾಸ್ಟೆಲಿನ ನನ್ನ ಮೇಜಿನ ಮೇಲಿದೆ. ಆದರೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಮನಸ್ಸಿಗೆ ಮುಜುಗರವಾಗುತ್ತದೆ. ಅಂದು ನಾನಾಡಿದ ಮಾತುಗಳು ಸುಳ್ಳೆಂದಲ್ಲ, ಅವು ಅರ್ಧ ಸತ್ಯ. ಉಳಿದ ಅರ್ಧವನ್ನು ಆಮೇಲೆ ನನ್ನ ಸೋದರಮಾವನಿಂದ ಕಲಿತೆ. ಆ ಪಾಠದ ಶುಲ್ಕವನ್ನು ಮಾತ್ರ ನಾನು ತೆರಲಿಲ್ಲ, ಮಾವನೇ ತೆತ್ತರು. ಆದಕಾರಣ ಅದನ್ನು ಬರೆದು ನನ್ನ ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ವೇದಿಕೆಯ ಮೇಲೆ ನಾನು ಹೇಳಿದ್ದನ್ನು ಮೊದಲು ಸಂಗ್ರಹವಾಗಿ ಹೇಳುವುದು ನ್ಯಾಯ. ಕಾಗದದ ಅರ್ಜಿಯ ಕಷ್ಟವನ್ನು ಪಟ್ಟಣದವರಿಗೆ ವಿವರಿಸಿ ಹೇಳಬೇಕಾದೀತು. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಅದು ಅಂಗೈಯ ನೆಲ್ಲಿಕಾಯಿ. ಕಾಲು ನಡೆಯದವನೋ ಕಣ್ಣು ಕಾಣದವನೋ ತಾಲ್ಲೂಕು ಕೇಂದ್ರಕ್ಕೆ ಒಬ್ಬನೇ ಹೋಗುವುದು ಕಷ್ಟ. ಜೊತೆಗೊಬ್ಬರು ಬೇಕು, ಜೊತೆಗೆ ಹೋದವರ ಅಂದಿನ ಕೂಲಿ ಹೋಯಿತು. ಕಚೇರಿಯ ಮುಂದೆ ಮರದ ನೆರಳಿನಲ್ಲಿ ಕುಳಿತವನಿಗೆ ಅರ್ಜಿ ಬರೆದದ್ದಕ್ಕೆ ಇಷ್ಟು, ಫಾರಮಿಗೆ ಇಷ್ಟು, ಜೆರಾಕ್ಸಿಗೆ ಇಷ್ಟು. ಮೆಟ್ಟಿಲು ಹತ್ತಿ ಒಳಗೆ ಹೋದರೆ, "ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸೋಮವಾರ ಬನ್ನಿ." ಸೋಮವಾರ ಬಂದರೆ ಕಡತವೇ ಸಿಕ್ಕುವುದಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿ ಏನಿದೆ ಎಂದು ಕೇಳಿದರೆ ತೋರಿಸಲು ಸವೆದ ಚಪ್ಪಲಿಯ ಹೊರತು ಬೇರೊಂದಿಲ್ಲ. ಈ ಕೊನೆಯ ವಾಕ್ಯಕ್ಕೆ ಸಭೆಯಲ್ಲಿ ಚಪ್ಪಾಳೆ ಬಿತ್ತು.

ಇದಕ್ಕೆ ಪ್ರತಿಯಾಗಿ ಗಣಕಯಂತ್ರದ ಗುಣಗಳನ್ನು ಎಣಿಸಿದೆ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯಿದೆ ಬಂದು, 2012ರ ಏಪ್ರಿಲ್ ತಿಂಗಳಿಂದ ಸೇವೆಗಳಿಗೆ ಅವಧಿ ಗೊತ್ತುಮಾಡಿದರು. ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆ ಸಿಗುತ್ತದೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ, ಪರಿಹಾರ ಕೇಳುವ ಹಕ್ಕನ್ನೂ ಆ ಕಾಯಿದೆ ಕೊಟ್ಟಿತು. ಗಣಕದಲ್ಲಿ ಹೊಕ್ಕ ಅರ್ಜಿ ಬೀರುವಿನ ಹಿಂದೆ ಬಿದ್ದು ಹೋಗುವುದಿಲ್ಲ. ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಕುಳಿತಿದೆ ಎಂಬುದನ್ನು ಅದು ತಾನೇ ಹೇಳುತ್ತದೆ. ಇಷ್ಟನ್ನು ಹೇಳಿ ನಾನು ಒಂದು ಉದಾಹರಣೆ ಕೊಟ್ಟೆ: "ಕಳೆದ ಜೂನ್ ತಿಂಗಳಿನಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಕಣ್ಣು ಕಾಣದ ನನ್ನ ಸೋದರಮಾವನ ಅರ್ಜಿಯನ್ನು ನನ್ನ ಮೊಬೈಲಿನಲ್ಲಿಯೇ ತುಂಬಿದೆ. ಬಸ್ಸಿನ ಖರ್ಚಿಲ್ಲ, ಮಧ್ಯವರ್ತಿಗೆ ಕಾಸಿಲ್ಲ!" ಬಹುಮಾನ ತಂದುಕೊಟ್ಟದ್ದು ಬಹುಶಃ ಈ ಉದಾಹರಣೆಯೇ. ನನ್ನ ಕಥೆಯೂ ಇದರಿಂದಲೇ ಆರಂಭವಾಗುತ್ತದೆ.

ಮಾವ ಗಾರೆ ಕೆಲಸದವರು. ನಮ್ಮೂರಿನಲ್ಲಿ ನೆಟ್ಟಗೆ ನಿಂತಿರುವ ಗೋಡೆಗಳಲ್ಲಿ ಅರ್ಧದಷ್ಟು ಅವರ ತೂಕದ ಗುಂಡಿಗೆ ಸಿಕ್ಕಿದವೇ. ನಲವತ್ತು ದಾಟಿದ ಮೇಲೆ ಅವರಿಗೆ ಪಕ್ಕದಲ್ಲಿ ನಿಂತವರು ಕಾಣದಾದರು. ಆಮೇಲೆ ಎದುರಿಗೆ ನಿಂತವರೂ ಮಸುಕಾದರು. ಗ್ಲಾಕೋಮಾ ಎಂಬ ಈ ರೋಗದಲ್ಲಿ ಕಣ್ಣಿನ ನರ ಕೆಡುತ್ತದೆ. ಅಂಚಿನ ದೃಷ್ಟಿ ಮೊದಲು ಹೋಗುವುದರಿಂದ ರೋಗಿಗೆ ಬಹುಕಾಲ ಗೊತ್ತೇ ಆಗುವುದಿಲ್ಲ. ಹೋದ ದೃಷ್ಟಿ ಮತ್ತೆ ಬರುವುದೂ ಇಲ್ಲ. ಸರ್ಕಾರದ ಕಾಗದಗಳಲ್ಲಿ ಈಗ 'ವಿಕಲಚೇತನ' ಎಂಬ ಮಾತಿದೆ. ಮಾವ ತಮ್ಮನ್ನು 'ಕಣ್ಣು ಕಾಣದವನು' ಎಂದೇ ಹೇಳಿಕೊಳ್ಳುತ್ತಾರೆ. ಹಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ವೈದ್ಯರು ಕೈಬರಹದಲ್ಲಿ ಕೊಟ್ಟ ಪ್ರಮಾಣಪತ್ರವೊಂದು ಅವರಲ್ಲಿತ್ತು. ಹಾಳಾಗದಿರಲೆಂದು ಅತ್ತೆ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದರು. ಒಳಗೆ ಮೊಹರಿನ ಶಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಮಾಸಿಹೋಗಿತ್ತು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. 1995ರ ಕಾಯಿದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದು 21 ಬಗೆಗಳನ್ನು ಹೇಳುತ್ತದೆ. ವೈಕಲ್ಯ ಶೇಕಡ 40ಕ್ಕೆ ಕಡಮೆಯಿಲ್ಲದವರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇಕಡ 4, ನಮ್ಮಂಥ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ರಷ್ಟು ಸ್ಥಾನಗಳನ್ನು ಕಾದಿರಿಸಬೇಕೆಂದು ಅದು ವಿಧಿಸಿದೆ. ಅದರ 24ನೆಯ ಪ್ರಕರಣ ಇನ್ನೂ ಒಂದು ಮಾತು ಹೇಳುತ್ತದೆ: ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಕೊಡುವ ಅಂಥದೇ ನೆರವಿಗಿಂತ ಶೇಕಡ 25ರಷ್ಟಾದರೂ ಹೆಚ್ಚಿರಬೇಕು. ಕಾಯಿದೆ ಉದಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಎಲ್ಲ ಬಾಗಿಲುಗಳಿಗೂ ಬೀಗದಕೈ ಒಂದೇ, ಅದು ವೈದ್ಯರ ಪ್ರಮಾಣಪತ್ರ. 2021ರ ಜೂನ್ 1ರಿಂದ ಆ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಮಾತ್ರವೇ ಕೊಡತಕ್ಕದ್ದೆಂದು ಕೇಂದ್ರ ಸರ್ಕಾರ ಗೊತ್ತುಪಡಿಸಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು; ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಮಿಗಿಲು. ಇಷ್ಟು ಜನರ ಬಾಗಿಲಿಗೆ ಬೀಗದಕೈ ಒಂದೇ ಕಡೆ ಇದ್ದರೆ, ಅದನ್ನು ಮುಟ್ಟಲು ಯಾರ ಕೈಗೆ ಎಟುಕುತ್ತದೆ ಎಂದು ಕೇಳುವುದು ತಪ್ಪಲ್ಲ.

ಜೂನ್ ತಿಂಗಳ ಆ ಸಂಜೆ ನಡೆದದ್ದು ಇಷ್ಟು. ಹಳೆಯ ಪ್ರಮಾಣಪತ್ರದ ಚಿತ್ರ ತೆಗೆದು ಸೇರಿಸಿದೆ. ಆಧಾರಿನಲ್ಲಿದ್ದ ಹೆಸರಿಗೂ ಪ್ರಮಾಣಪತ್ರದಲ್ಲಿದ್ದ ಹೆಸರಿಗೂ ಒಂದು ಇನಿಷಿಯಲ್ಲಿನ ವ್ಯತ್ಯಾಸವಿತ್ತು, ಆಧಾರಿನಂತೆಯೇ ಬರೆದೆ. ಆಮೇಲೆ ಮೊಬೈಲ್ ಸಂಖ್ಯೆ ಕೇಳಿತು. ಮಾವನ ಮನೆಯಲ್ಲಿ ಗುಂಡಿ ಒತ್ತುವ ಹಳೆಯ ಫೋನೊಂದಿದೆ. ಅದಕ್ಕೆ ಹಣ ತುಂಬಿಸುವುದು ಕೆಲಸ ಸಿಕ್ಕಿದ ತಿಂಗಳಿನಲ್ಲಿ ಮಾತ್ರ. "ಮಾವ, ನನ್ನ ನಂಬರನ್ನೇ ಹಾಕುತ್ತೇನೆ, ಏನು ಬಂದರೂ ನಾನೇ ನೋಡಿ ಹೇಳುತ್ತೇನೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಓದಿದವರು ನೀವು" ಎಂದರು. ಎಲ್ಲ ಸೇರಿ ಇಪ್ಪತ್ತು ನಿಮಿಷ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವನು. ತಂದೆಗೆ ಸಹಿ ಬರುತ್ತದೆ, ತಾಯಿಗೆ ಅದೂ ಇಲ್ಲ. ಆ ಸಂಜೆ ನನ್ನ ವಿದ್ಯೆ ಸಾರ್ಥಕವಾಯಿತೆಂದು ಎಲ್ಲರಿಗೂ ಅನ್ನಿಸಿತು, ನನಗಂತೂ ಅನ್ನಿಸಿತು.

ಹಳೆಯ ಪ್ರಮಾಣಪತ್ರದ ಮೊಹರು ಚಿತ್ರದಲ್ಲಿ ಕಾಣಲಿಲ್ಲವಾದ್ದರಿಂದ ಹೊಸದಾಗಿ ವೈದ್ಯಕೀಯ ಪರೀಕ್ಷೆ ಆಗಬೇಕೆಂದಾಯಿತು. ಪರೀಕ್ಷೆಯ ದಿನಾಂಕ ತಿಳಿಸುವ ಸಂದೇಶ ಡಿಸೆಂಬರ್ ತಿಂಗಳಿನಲ್ಲಿ ನನ್ನ ಫೋನಿಗೆ ಬಂತು. ಅದೇ ವಾರ ನಮ್ಮ ಸೆಮಿಸ್ಟರ್ ಪರೀಕ್ಷೆ. ಓದಿಗೆ ಅಡ್ಡಿಯಾಗದಿರಲೆಂದು ಫೋನನ್ನು ಆರಿಸಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಪರೀಕ್ಷೆ ಮುಗಿದ ದಿನ ತೆಗೆದು ನೋಡಿದರೆ, ಸಾಲ ಬೇಕೇ ಎಂದು ಕೇಳುವ ಹತ್ತಾರು ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು. ಮಾವ ಜಿಲ್ಲಾ ಕೇಂದ್ರದಲ್ಲಿ ಹಾಜರಿರಬೇಕಾಗಿದ್ದ ದಿನ ಕಳೆದು ನಾಲ್ಕು ದಿನಗಳಾಗಿದ್ದವು.

ಇದರ ತಪ್ಪನ್ನು ನಾನು ಯಾವ ಕಚೇರಿಯ ಮೇಲೂ ಹೊರಿಸಲಾರೆ. ಕರೆದವರು ಕರೆದಿದ್ದರು. ಕರೆ ತಲುಪಬೇಕಾದವರಿಗೆ ತಲುಪದಂತೆ ನಡುವೆ ನಿಂತವನು ನಾನು. ಹಾಸ್ಟೆಲಿನಿಂದ ಊರಿಗೆ ಹೋಗಿ ಜಗಲಿಯ ಮೇಲೆ ಕುಳಿತು ವಿಷಯ ತಿಳಿಸಿದೆ. ಮಾವ ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ಅರ್ಜಿ ನನ್ನದು, ನಂಬರು ನಿನ್ನದು. ಸರ್ಕಾರ ನಿನ್ನನ್ನು ಕರೆಯಿತು, ನೀನು ಪರೀಕ್ಷೆ ಬರೆಯುತ್ತಿದ್ದೆ. ಹೋಗಲಿ ಬಿಡು" ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು: "ಕಾಗದ ಬಂದಿದ್ದರೆ ಅಂಚೆಯವನು ಬಾಗಿಲಲ್ಲಿ ನಿಂತು ಓದಿ ಹೇಳುತ್ತಿದ್ದ."

ಮುಂದಿನ ದಿನಾಂಕ ಸಿಕ್ಕಿದ್ದು ಮಾರ್ಚ್ ತಿಂಗಳಿಗೆ. ನಡುವಣ ಮೂರು ತಿಂಗಳು ನಮಗೆ ಒಂದು ಸೆಮಿಸ್ಟರಿನ ಅರ್ಧಭಾಗ. ಅವರಿಗೆ ಅದು ಬೇರೆಯೇ ಲೆಕ್ಕ. ಪ್ರಮಾಣಪತ್ರವಿಲ್ಲದೆ ನಾಡಕಚೇರಿಯಲ್ಲಿ ಪಿಂಚಣಿಯ ಅರ್ಜಿ ಹಾಕುವಂತಿಲ್ಲ; ಬಸ್ಸಿನ ಪಾಸು ಕೇಳುವಂತಿಲ್ಲ. ಪಿಂಚಣಿಯ ಮೊತ್ತ ದೊಡ್ಡದೇನೂ ಅಲ್ಲ. 2009ರಲ್ಲಿ ಆರಂಭವಾದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ, ವೈಕಲ್ಯ ಶೇಕಡ 80ಕ್ಕೆ ಕಡಮೆಯಿಲ್ಲದ ಬಡವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿತು. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸಿ ಕೊಡುತ್ತದೆ. ಈ ಹಣದಿಂದ ಸಂಸಾರ ನಡೆಯದು ನಿಜ. ಆದರೆ ಕಣ್ಣಿನ ಔಷಧಿಯ ಸೀಸೆಯನ್ನು ಮಗನ ಮುಂದೆ ಕೈಚಾಚದೆ ಕೊಳ್ಳಬಹುದು. ಗೋಡೆ ಕಟ್ಟಿ ಬದುಕಿದ ಮನುಷ್ಯನಿಗೆ ಅದು ಸಣ್ಣ ವಿಷಯವಲ್ಲ.

ಹಾಗಾದರೆ ಆನ್‌ಲೈನ್ ಬೇಡ, ಮತ್ತೆ ಕಾಗದವೇ ಬರಲಿ ಎಂದು ನಾನು ಹೇಳುತ್ತೇನೆಯೇ? ಹಾಗೆ ಹೇಳಲು ಹೊರಟಿದ್ದೆ. ನನ್ನನ್ನು ತಡೆದವನು ನಮ್ಮ ತರಗತಿಯ ಗೆಳೆಯನೊಬ್ಬ. ಅವನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಪರದೆಯ ಮೇಲಿನ ಅಕ್ಷರಗಳನ್ನು ಕಿವಿಯಿಂದ ಓದುತ್ತಾನೆ. ನಮಗಿಂತ ಬೇಗ ಓದುತ್ತಾನೆ ಎಂದರೂ ತಪ್ಪಲ್ಲ. ನನ್ನ ಮಾತು ಕೇಳಿ ಅವನು ನಕ್ಕ. "ಕಾಗದದ ಅರ್ಜಿ ನನ್ನದಾಗಿದ್ದದ್ದು ಯಾವಾಗ ಹೇಳು? ಯಾರೋ ಓದಬೇಕು, ಯಾರೋ ಬರೆಯಬೇಕು, ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಬೇಕು. ನನ್ನ ಕೈಯಿಂದ ನಾನೇ ತುಂಬಿದ ಮೊದಲ ಅರ್ಜಿ ಗಣಕಯಂತ್ರದ್ದೇ" ಎಂದ. ಆದರೆ ಅವನೂ ಒಂದು ಕಡೆ ಸೋತಿದ್ದ. ಒಂದು ತಾಣದಲ್ಲಿ ಅರ್ಜಿಯನ್ನೆಲ್ಲ ತುಂಬಿ ಮುಗಿಸಿದ ಮೇಲೆ, 'ನೀವು ಮನುಷ್ಯರೆಂದು ಖಚಿತಪಡಿಸಿ' ಎಂದು ಸೊಟ್ಟ ಅಕ್ಷರಗಳ ಚಿತ್ರವೊಂದು ಬಂತು. ಚಿತ್ರವನ್ನು ತಂತ್ರಾಂಶ ಓದಲಾರದು. ಕಣ್ಣಿಲ್ಲದವರಿಗಾಗಿ ಇಟ್ಟ ಅರ್ಜಿ, ಕಣ್ಣಿದ್ದರೆ ಮಾತ್ರ ನೀನು ಮನುಷ್ಯ ಎಂದಿತು! ಅವನು ನಗುತ್ತಲೇ ಇದನ್ನು ಹೇಳಿದ. ನನಗೆ ನಗು ಬರಲಿಲ್ಲ.

ಈ ಗೆಳೆಯನಿಗೆ ಕಳೆದೆರಡು ವರ್ಷಗಳಲ್ಲಿ ಹಲವರು ಪರೀಕ್ಷೆಯ ಲಿಪಿಕಾರರಾಗಿದ್ದಾರೆ. ಲಿಪಿಕಾರನ ನಿಯಮಗಳು ನಮ್ಮಲ್ಲಿ ಅನೇಕರಿಗೆ ಗೊತ್ತು. ಅಭ್ಯರ್ಥಿ ಹೇಳಿದ್ದನ್ನು ಬರೆಯಬೇಕು. ತನ್ನದೊಂದು ಮಾತು ಸೇರಿಸಬಾರದು, ಅವನದೊಂದು ಮಾತು ಬಿಡಬಾರದು. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಕಾಲ ಅಭ್ಯರ್ಥಿಗೆ ಸಲ್ಲುತ್ತದೆ. ಪ್ರಶ್ನೆ ಅವನದು, ಉತ್ತರ ಅವನದು, ಅಂಕವೂ ಅವನದೇ. ಲಿಪಿಕಾರನ ಕೈ ಮಾತ್ರ ಬೇರೆ. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಶೇಕಡ 40ರ ಮಟ್ಟ ಮುಟ್ಟದ ವೈಕಲ್ಯವುಳ್ಳ ಅಭ್ಯರ್ಥಿಗೂ ಅಗತ್ಯವಿದ್ದರೆ ಲಿಪಿಕಾರನ ನೆರವು ನಿರಾಕರಿಸಬಾರದೆಂದು ತೀರ್ಪಿತ್ತಿತು. ನೆರವೆಂಬುದು ದಯೆಯಲ್ಲ, ಸಮಾನವಾಗಿ ಸ್ಪರ್ಧಿಸಲು ಬೇಕಾದ ಸಲಕರಣೆ ಎಂಬುದೇ ಅದರ ತಾತ್ಪರ್ಯ.

ಪರೀಕ್ಷೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು ಅರ್ಜಿಯಲ್ಲಿ ಹೇಗಿದ್ದೇವೆ? ಗ್ರಾಮ ಒನ್ ಕೇಂದ್ರದಲ್ಲಿಯೋ, ಪೇಟೆಯ ಗಣಕದಂಗಡಿಯಲ್ಲಿಯೋ, ಮನೆಯ ಜಗಲಿಯಲ್ಲಿಯೋ, ಓದಿದವನೊಬ್ಬ ತನ್ನ ಫೋನಿನಲ್ಲಿ, ತನ್ನ ನಂಬರಿನಲ್ಲಿ, ತನಗೆ ತಿಳಿದಂತೆ ಅರ್ಜಿ ತುಂಬುತ್ತಾನೆ. ಅರ್ಜಿದಾರನ ಹೆಸರು ಮಾತ್ರ ಅದರಲ್ಲಿರುತ್ತದೆ. ಉತ್ತರ ಬರುವುದು ತುಂಬಿದವನಿಗೆ. ಹಣ ತೆಗೆದುಕೊಳ್ಳುವ ಮಧ್ಯವರ್ತಿಯನ್ನು ನಾನು ವೇದಿಕೆಯ ಮೇಲೆ ಬೈದೆ. ಹಣ ತೆಗೆದುಕೊಳ್ಳದ ಮಧ್ಯವರ್ತಿ ನಾನೇ ಆಗಿದ್ದೆ. ಕಾಗದವೋ ಗಣಕವೋ ಎಂಬುದು ಎರಡನೆಯ ಪ್ರಶ್ನೆ. ಅರ್ಜಿ ಆರಂಭದಿಂದ ಕೊನೆಯವರೆಗೆ ಅರ್ಜಿದಾರನ ಕೈಯಲ್ಲಿಯೇ ಇದೆಯೇ ಎಂಬುದು ಮೊದಲನೆಯ ಪ್ರಶ್ನೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಈ ದೃಷ್ಟಿಯಿಂದ ನೋಡಿದರೆ ಆಗಬೇಕಾದದ್ದೇನೆಂಬುದು ತಾನಾಗಿ ಕಾಣುತ್ತದೆ. ಮೊದಲನೆಯದಾಗಿ, ಅರ್ಜಿ ಕೊಡುವ ಬಗೆಯನ್ನು ಆರಿಸುವ ಹಕ್ಕು ಅರ್ಜಿದಾರನದಾಗಬೇಕು. ತಾನೇ ತುಂಬಬಲ್ಲವನು ಮನೆಯಿಂದ ತುಂಬಲಿ. ಆಗದವನು ತನ್ನ ಗ್ರಾಮ ಪಂಚಾಯತಿಯಲ್ಲಿ ಬಾಯಿಮಾತಿನಲ್ಲಿಯೋ ಕಾಗದದಲ್ಲಿಯೋ ಕೊಡಲಿ. ಅಲ್ಲಿಯವರು ಅದನ್ನು ಅವನೆದುರಿಗೇ ಗಣಕಕ್ಕೆ ಏರಿಸಿ, ಓದಿ ಹೇಳಿ, ಕನ್ನಡದಲ್ಲಿ ಮುದ್ರಿಸಿದ ರಸೀದಿ ಕೊಡಲಿ. ಇದು ಆಗದ ಮಾತಲ್ಲ. 2022ರಲ್ಲಿ ನಮ್ಮ ರಾಜ್ಯದ ಕಂದಾಯ ಇಲಾಖೆಯೇ, ಫೋನಿನಲ್ಲಿ ಕರೆ ಮಾಡಿ ಕೇಳಿದವರಿಗೆ 72 ಗಂಟೆಗಳೊಳಗೆ ಮನೆಬಾಗಿಲಿಗೆ ಪಿಂಚಣಿಯ ಮಂಜೂರಾತಿ ತಲುಪಿಸುವುದಾಗಿ ಯೋಜನೆಯೊಂದನ್ನು ಘೋಷಿಸಿತ್ತು. ಮಾತಿನಲ್ಲಿ ಕೇಳಿದ್ದೂ ಅರ್ಜಿಯೇ ಎಂದು ಆಗ ಒಪ್ಪಿದಂತಾಯಿತಲ್ಲವೇ?

ಎರಡನೆಯದಾಗಿ, ಪರೀಕ್ಷೆಯ ದಿನಾಂಕದಂಥ ಮುಖ್ಯ ಸಂಗತಿಯನ್ನು ಒಂದೇ ಒಂದು ಮೊಬೈಲ್ ಸಂದೇಶಕ್ಕೆ ನೇತುಹಾಕಬಾರದು. ಎರಡು ನಂಬರುಗಳಿಗೆ, ಕನ್ನಡದಲ್ಲಿ ಕಳುಹಿಸಬೇಕು. ಒಂದು ಕಾಗದವೂ ಮನೆಗೆ ಬರಬೇಕು. ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಅವರು ಸ್ವತಃ ಅಂಗವಿಕಲರೇ ಆಗಿರುತ್ತಾರೆ. ದಿನಾಂಕದ ಪಟ್ಟಿ ಅವರ ಕೈಗೂ ಬಂದರೆ ಬಾಯಿಂದ ಬಾಯಿಗೆ ಸುದ್ದಿ ಮುಟ್ಟುತ್ತದೆ. ಕರೆದ ದಿನ ಬಾರದವನನ್ನು ಅರ್ಜಿ ಬಿಟ್ಟವನೆಂದು ಎಣಿಸದೆ ಇನ್ನೊಂದು ದಿನ ತಾನಾಗಿಯೇ ಸಿಗಬೇಕು.

ಮೂರನೆಯದು ಕಾಲದ ಮಾತು. ಹಿಂದಿನ ನಿಯಮದಲ್ಲಿ ಪ್ರಮಾಣಪತ್ರ ಒಂದು ತಿಂಗಳೊಳಗೆ ಕೊಡಬೇಕೆಂದಿತ್ತು. 2024ರ ಅಕ್ಟೋಬರಿನ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಏರಿಸಿತು. ಬಿಳಿ, ಹಳದಿ, ನೀಲಿ ಎಂದು ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಚೀಟಿಯ ಬಣ್ಣಗಳನ್ನೂ ಗೊತ್ತುಮಾಡಿತು. ಎರಡು ವರ್ಷ ಕಳೆದರೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆಂದೂ ಅದರಲ್ಲಿ ಹೇಳಿದೆ. ತಡಮಾಡಿದವರು ಒಬ್ಬರು, ಮತ್ತೆ ಮೊದಲಿನಿಂದ ನಡೆಯಬೇಕಾದವರು ಇನ್ನೊಬ್ಬರು ಎಂದರೆ ಇದು ಯಾವ ನ್ಯಾಯ? ಅವಧಿ ಮೀರಿದ ಹೊಣೆ ಅರ್ಜಿದಾರನ ಮೇಲೆ ಬೀಳಕೂಡದು.

ನಾಲ್ಕನೆಯದಾಗಿ, ಅಂಗವಿಕಲರಿಗಾಗಿ ಮಾಡಿದ ತಾಣವನ್ನು ಅಂಗವಿಕಲರೇ ಮೊದಲು ಬಳಸಿ ನೋಡಿ ಸರಿಯೆಂದ ಮೇಲೆಯೇ ತೆರೆಯಬೇಕು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯ ಒಂದು ಮಹತ್ವದ ತೀರ್ಪು ಕೊಟ್ಟಿತು. ಬ್ಯಾಂಕು ಮುಂತಾದ ಕಡೆಗಳಲ್ಲಿ ಗುರುತು ತೋರಿಸಲು ಫೋನಿನ ಮುಂದೆ ಕಣ್ಣು ಮಿಟುಕಿಸಬೇಕೆಂಬ ಕ್ರಮವಿತ್ತು. ಆಮ್ಲದಾಳಿಗೆ ತುತ್ತಾದವರೂ ದೃಷ್ಟಿಯಿಲ್ಲದವರೂ ಇದನ್ನು ಪ್ರಶ್ನಿಸಿದ್ದರು. ಆನ್‌ಲೈನ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿ ಹೇಳುವ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿದ ನ್ಯಾಯಾಲಯ, ಆ ಕ್ರಮವನ್ನು ತಿದ್ದಲು 20 ನಿರ್ದೇಶನಗಳನ್ನು ಕೊಟ್ಟಿತು. ನನ್ನ ಗೆಳೆಯ ಸೋತ ಸೊಟ್ಟ ಅಕ್ಷರಗಳ ಬಾಗಿಲಿಗೂ ಈ ಮಾತು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಎರಡೆರಡು ದಾರಿಗಳಿದ್ದರೆ ಸುಳ್ಳು ಪ್ರಮಾಣಪತ್ರಗಳು ಹೆಚ್ಚುತ್ತವೆ ಎಂಬುದು ಒಂದು. ಸುಳ್ಳು ಪ್ರಮಾಣಪತ್ರದ ಪಿಡುಗು ನಿಜ. ಅದು ನಿಜವಾದ ಅಂಗವಿಕಲನ ತಟ್ಟೆಯಿಂದಲೇ ಕದಿಯುವ ಕೆಲಸ. ಆದರೆ ಸುಳ್ಳನ್ನು ತಡೆಯಬೇಕಾದದ್ದು ವೈದ್ಯರ ಪರೀಕ್ಷೆಯಲ್ಲಿ, ಅರ್ಜಿ ಕೊಡುವ ಕಿಟಕಿಯಲ್ಲಲ್ಲ. ಸುಳ್ಳುಗಾರನಿಗೆ ಒಳ್ಳೆಯ ಫೋನೂ ಇರುತ್ತದೆ, ಅದನ್ನು ಬಳಸುವ ಜಾಣತನವೂ ಇರುತ್ತದೆ. ಕಿಟಕಿಯನ್ನು ಕಿರಿದು ಮಾಡಿದರೆ ಹೊರಗೆ ಉಳಿಯುವವರು ಮಾವನಂಥವರೇ. ಎರಡು ಪದ್ಧತಿಗಳನ್ನು ನಡೆಸಲು ಖರ್ಚು ಹೆಚ್ಚು ಎಂಬುದು ಇನ್ನೊಂದು ಆಕ್ಷೇಪ. ನಾನು ಎರಡು ಪದ್ಧತಿ ಕೇಳುತ್ತಿಲ್ಲ. ಕೆರೆ ಒಂದೇ ಇರಲಿ. ಇಳಿಯುವ ಮೆಟ್ಟಿಲುಗಳು ನಾಲ್ಕೂ ಕಡೆ ಇರಲಿ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ಹಾಗೆಯೇ.

ಸರ್ಕಾರ ಮಾಡಬೇಕಾದದ್ದನ್ನು ಹೇಳಿ ಮುಗಿಸಿದರೆ ಇದೂ ಒಂದು ಚರ್ಚಾಸ್ಪರ್ಧೆಯ ಭಾಷಣವಾದೀತು. ನಾವು ಮಾಡಬೇಕಾದದ್ದೂ ಇದೆ. ನಮ್ಮ ಕಾಲೇಜಿನಲ್ಲಿ ನನ್ನಂತೆಯೇ ಮನೆಗೆ ಮೊದಲ ಪದವೀಧರರಾಗಲಿರುವವರು ಎಷ್ಟೋ ಮಂದಿ ಇದ್ದಾರೆ. ರಜೆಗೆ ಊರಿಗೆ ಹೋದ ಮರುದಿನವೇ ಬಾಗಿಲಿಗೆ ಯಾರೋ ಒಬ್ಬರು ಕಾಗದ ಹಿಡಿದು ಬಂದು ನಿಲ್ಲುವುದು ಇವರಿಗೆಲ್ಲ ಅನುಭವದ ಮಾತು. ನಾವು ಬಯಸಲಿ ಬಿಡಲಿ, ಊರಿನ ಲಿಪಿಕಾರರು ನಾವೇ. ಆದ್ದರಿಂದ ಲಿಪಿಕಾರನ ಧರ್ಮವನ್ನು ನಮಗೆ ನಾವೇ ವಿಧಿಸಿಕೊಳ್ಳೋಣ. ತುಂಬಿದ ಪ್ರತಿ ಸಾಲನ್ನೂ ಅರ್ಜಿದಾರನಿಗೆ ಓದಿ ಹೇಳೋಣ. ಅವನ ಸ್ವಂತ ನಂಬರನ್ನೇ ಬರೆಯೋಣ. ಅದಕ್ಕೆ ಹಣ ತುಂಬಿಸಬೇಕಾಗಿದ್ದರೆ, ಬಸ್ಸಿನ ಖರ್ಚಿಗಿಂತ ಅದು ಕಡಮೆಯೆಂದು ತಿಳಿಸಿ ಹೇಳೋಣ. ಅರ್ಜಿಯ ಪ್ರತಿಯನ್ನೂ ಸಂಖ್ಯೆಯನ್ನೂ ಅವನ ಕೈಗೆ ಕೊಡೋಣ. ತಿಂಗಳಿಗೊಮ್ಮೆ, ಏನಾಯಿತೆಂದು ನಾವಾಗಿ ಹೋಗಿ ಕೇಳೋಣ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು ವರ್ಷಕ್ಕೊಂದು ಹಳ್ಳಿಯಲ್ಲಿ ಶಿಬಿರ ಹೂಡಿ ರಸ್ತೆ ಗುಡಿಸುತ್ತಾರೆ, ಒಳ್ಳೆಯದೇ. ಮುಂದಿನ ಶಿಬಿರದಲ್ಲಿ ಎರಡು ದಿನ ಪೊರಕೆ ಇಳಿಸಿ, ಮನೆಮನೆಗೆ ಹೋಗಿ ಇಂಥ ಅರ್ಜಿಗಳ ಕೆಲಸ ಮಾಡಬಾರದೇಕೆ ಎಂದು ಅಧ್ಯಾಪಕರನ್ನು ವಿನಯದಿಂದ ಕೇಳುತ್ತೇನೆ.

ಮಾರ್ಚ್ ತಿಂಗಳ ಪರೀಕ್ಷೆಗೆ ನಾನೇ ಮಾವನ ಜೊತೆಗೆ ಹೋಗಿದ್ದೆ. ಹೋಗುವ ಮೊದಲು ಅರ್ಜಿಯಲ್ಲಿನ ನನ್ನ ನಂಬರು ತೆಗೆಸಿ ಅವರದನ್ನು ಹಾಕಿಸಿದೆವು. ವೈದ್ಯರು ಕಣ್ಣಿಗೆ ದೀಪ ಹಿಡಿದು ನೋಡಿದರು, ಬರೆದುಕೊಂಡರು, "ತಿಳಿಸುತ್ತೇವೆ" ಎಂದರು. ಇದನ್ನು ಬರೆಯುತ್ತಿರುವ ದಿನದವರೆಗೆ ಉತ್ತರ ಬಂದಿಲ್ಲ. ಹಳೆಯ ಗುಂಡಿ ಫೋನನ್ನು ಮಾವ ಈಗ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಅದು ಸದ್ದು ಮಾಡಿದಾಗಲೆಲ್ಲ ಎದುರಿಗೆ ಸಿಕ್ಕಿದ ಹುಡುಗರನ್ನು ಕರೆದು ಓದಿಸುತ್ತಾರಂತೆ. ಹೆಚ್ಚಿನವು ಸಾಲ ಕೊಡುವವರ ಸಂದೇಶಗಳು. "ಇರಲಿ, ಬರುವುದು ನನಗೇ ಬರುತ್ತದೆ" ಎನ್ನುತ್ತಾರೆ.